ಜಗ್ಗಿ ನೋಡದೆ ಬಂದ ಬೀಗ

ನಮ್ಮ ಯಜಮಾನರು ಬೀಗ ರಿಪೇರಿ ಮಾಡುತ್ತಿದ್ದರು. ಬಸ್ ಸ್ಟ್ಯಾಂಡ್ ಪಕ್ಕ ಪೆಟ್ಟಿಗೆಯಂಥ ಅಂಗಡಿ. ಕೀ ಕಳೆದುಕೊಂಡವರು ಅಲ್ಲಿಗೇ ಬರೋರು. ಎಂಥ ಬೀಗವಾದರೂ ತಂತಿ ತೂರಿಸಿ, ಕಿವಿ ಇಟ್ಟು ಕೇಳಿ, ಟಕ್ ಅನ್ನಿಸಿಬಿಡೋರು. ಅದರಿಂದ ಊರಿಗೆಲ್ಲ ಉಪಕಾರವಾಯಿತು, ನನಗೊಬ್ಬಳಿಗೆ ತಾಪತ್ರಯ. ತಾವು ತೆಗೆಯಬಲ್ಲ ಬೀಗವನ್ನು ಅವರು ನಂಬುತ್ತಿರಲಿಲ್ಲ. ಅವರು ತೆಗೆಯಲಾರದ ಬೀಗ ಇರಲೇ ಇಲ್ಲ.

ಅಂಗಡಿ ಗೋಡೆಗೆ ಹಳೇ ಕ್ಯಾಲೆಂಡರಿನ ಹಾಳೆ ಅಂಟಿಸಿದ್ದರು. ಅದರಲ್ಲಿ ಹಿಂದೆ ಬಿಳಿಯರು ಆಳುತ್ತಿದ್ದಾಗ ಕಟ್ಟಿದ ಊರಿನ ಚಿತ್ರ. ಕಲ್ಲು ಹಾಸಿದ ಬೀದಿ, ಎರಡೂ ಕಡೆ ಕೆಂಪೆಲೆಯ ಮರ. ಅಲ್ಲಿನ ಖಜಾನೆ ಬಾಗಿಲಲ್ಲಿ ಆ ಕಾಲದ ಬೀಗ ಇನ್ನೂ ಇದೆಯಂತೆ, ಕುಂಬಳಕಾಯಿ ಗಾತ್ರದ್ದು.

"ಎಲೆ ಉದುರೋ ಕಾಲಕ್ಕೆ ಹೋಗೋಣ ಕಣೇ. ನಿನಗೆ ಮರ, ನನಗೆ ಬೀಗ" ಅನ್ನೋರು. ಮದುವೆಯಾದ ವರ್ಷ ಶುರುವಾದ ಮಾತು.

ವರ್ಷಾ ವರ್ಷಾ ಮಳೆ ನಿಂತ ಮೇಲೆ ಅವರು ಟಿಕೆಟ್ ತರೋರು, ನಾನು ಬಟ್ಟೆ ಮಡಿಸಿ ಚೀಲಕ್ಕೆ ತುಂಬುತ್ತಿದ್ದೆ. ಹೊರಡುವ ದಿನ ಬೀಗ ಹಾಕಿ ಜಗ್ಗಿ ನೋಡೋರು. ಬೀದಿ ತುದಿ ಮುಟ್ಟಿ ವಾಪಸ್ ಬಂದು ಮತ್ತೆ ಜಗ್ಗೋರು. ಆಮೇಲೆ ಮೆಟ್ಟಿಲ ಮೇಲೆ ಕೂತುಬಿಡೋರು.

"ಇದನ್ನ ನಾನು ಕಣ್ಣು ಮುಚ್ಚಿಕೊಂಡು ತೆಗೀತೀನಿ."

"ನೀವು ನನ್ನ ಜೊತೆ ಬರ್ತಿದ್ದೀರಲ್ಲ. ಇನ್ಯಾರು ತೆಗೀತಾರೆ?"

"ನನ್ನಂಥವನು ಇನ್ನೊಬ್ಬ ಇರಲ್ವಾ?"

"ಇದ್ದರೆ ಅವನೂ ಅವನ ಮನೆ ಕಾಯ್ತಾ ಕೂತಿರ್ತಾನೆ. ಏಳ್ರೀ."

ಏಳುತ್ತಿರಲಿಲ್ಲ. ಬಸ್ಸು ಹೋಗುತ್ತಿತ್ತು. ಮನೆಯಲ್ಲಿ ಇದ್ದದ್ದಾದರೂ ಏನು? ಒಂದು ಮಂಚ, ನನ್ನ ಹೊಲಿಗೆ ಮಿಷನ್, ಕೆಟ್ಟ ಬೀಗಗಳ ಮೂಟೆ.

"ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ ಅತ್ತಿಗೆ. ನಮ್ಮಣ್ಣಂದು ಕದಿಯದೇನೇ ಹುಳ್ಳುಳ್ಳಗೆ" ಅಂತ ನಾದಿನಿ ನಗೋಳು.

ಹೋದ ವರ್ಷ ಹಟ ಹಿಡಿದು ತಾವೇ ಒಂದು ಬೀಗ ಮಾಡಿದರು. ಒತ್ತಿದರೆ ಮುಚ್ಚಿಕೊಳ್ಳುತ್ತೆ, ಅದರದೇ ಕೀ ಬಿಟ್ಟು ಯಾವುದಕ್ಕೂ ಬಗ್ಗಲ್ಲ. ಹೊರಡುವ ದಿನ ಹೊಸ ಅಂಗಿ ತೊಟ್ಟು ಬಂದು ಬಾಗಿಲು ಎಳೆದು ಬೀಗ ಒತ್ತಿದರು. ಆಮೇಲೆ ಜೇಬು ಮುಟ್ಟಿ ನೋಡಿಕೊಂಡರು. ಕೀ ಹಳೇ ಅಂಗಿಯಲ್ಲಿತ್ತು. ಹಳೇ ಅಂಗಿ ಒಳಗೆ ಮೊಳೆಗೆ ನೇತಾಡುತ್ತಿತ್ತು.

"ಒಳ್ಳೇದೇ ಆಯ್ತು, ಚೀಲ ಹೊರಗಿದೆ. ಬಂದ ಮೇಲೆ ನೋಡ್ಕೊಂಡರಾಯ್ತು, ನಡೀರಿ" ಅಂದೆ.

"ತಡಿ, ನನ್ನ ಕೈಲಾದರೂ ಆಗುತ್ತಾ ನೋಡೇಬಿಡ್ತೀನಿ."

ತಂತಿ ತಿರುಗಿಸಿದರು, ಕಿವಿ ಇಟ್ಟರು, ಬೆವತರು. ಬಸ್ಸು ಹೋಯಿತು.

"ನನ್ನ ಕೈಲೂ ಆಗಲಿಲ್ಲ ಕಣೇ!" ಅಂತ ಬೀದಿಯಲ್ಲಿ ನಿಂತು ಕೂಗಿದರು. ಗಂಡು ಮಗು ಹುಟ್ಟಿದ ಹಾಗೆ ಮುಖ.

ಗಲಾಟೆಗೆ ಪಕ್ಕದ ಮನೆ ಬಡಗಿ ಬಂದ. ಸ್ಕ್ರೂಡ್ರೈವರ್ ತಂದು ನಾಲ್ಕು ತಿರುವು ತಿರುವಿದ. ಚಿಲಕವೇ ಕಳಚಿ ಬಂತು. ಬೀಗ ಹಾಗೇ ಭದ್ರವಾಗಿತ್ತು, ಬಾಗಿಲು ಹಾರುಹೊಡೆದಿತ್ತು. ಇವರ ಮುಖ ಸಪ್ಪಗಾಯಿತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೇ ದಿನವೇ ಚಿಲಕಕ್ಕೆ ಒಳಗಿನಿಂದ ಬೋಲ್ಟ್ ಹಾಕಿದರು. "ಇನ್ನು ಭಯವಿಲ್ಲ. ಮುಂದಿನ ವರ್ಷ ಹೋಗೇ ಹೋಗ್ತೀವಿ" ಅಂದರು. ಈ ಮಳೆಗಾಲದಲ್ಲಿ ಎದೆನೋವು ಅಂತ ಮಲಗಿದವರು ಏಳಲಿಲ್ಲ. ಮಂಚದ ಅರ್ಧ ಖಾಲಿ. ನಾನು ಈಗಲೂ ಗೋಡೆ ಕಡೆಗೇ ಒತ್ತಿಕೊಂಡು ಮಲಗುತ್ತೇನೆ.

ಮಳೆ ನಿಂತಿತು. ನಾನೇ ಟಿಕೆಟ್ ತಂದೆ. ಈ ಸಲ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಅಂತ ಗೊತ್ತಿತ್ತು. ನಾದಿನಿ ಜೊತೆಗೆ ಬಂದಳು. ಕೀ ಸೆರಗಿಗೆ ಗಂಟು ಹಾಕಿಕೊಂಡು ಬೀಗ ಒತ್ತಿದೆ, ಇಳಿದೆ. ಬೀದಿ ತುದಿಯಲ್ಲಿ ಅವಳು ನಿಂತಳು.

"ಅತ್ತಿಗೆ, ಜಗ್ಗಿ ನೋಡಿದ್ರಾ?"

ಅಣ್ಣನ ರಕ್ತ, ಎಲ್ಲಿ ಹೋಗುತ್ತೆ.

"ನಿಮ್ಮಣ್ಣ ಮಾಡಿದ ಬೀಗ. ಜಗ್ಗಿದರೆ ಅವರಿಗೆ ಅವಮಾನ. ನಡಿಯೇ."

ಕಾಲು ಹಿಂದಕ್ಕೆ ಎಳೆಯಿತು. ತಿರುಗಲಿಲ್ಲ. ಬಸ್ಸು ಸಿಕ್ಕಿತು.

ಮರಗಳು ಹಾಳೆಯಲ್ಲಿದ್ದಷ್ಟು ಕೆಂಪಿರಲಿಲ್ಲ. ಖಜಾನೆಯ ಬೀಗ ಕುಂಬಳಕಾಯಿಯೂ ಅಲ್ಲ, ದೊಡ್ಡ ತೆಂಗಿನಕಾಯಿ ಅನ್ನಬಹುದು. ಮುಟ್ಟಬಾರದು ಅಂತ ಬೋರ್ಡು ಹಾಕಿದ್ದರು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದೆ.

"ಏ ಅಮ್ಮಾ, ಏನು ಮಾಡ್ತಿದ್ದೀರಿ?" ಅಂತ ಕಾವಲುಗಾರ ಓಡಿ ಬಂದ.

"ಏನಿಲ್ಲಪ್ಪ. ನಮ್ಮ ಯಜಮಾನರು ಕೇಳ್ತಾರೆ" ಅಂದೆ. "ಗಟ್ಟಿಯಾಗಿದೆ."