ಆಟದ ರಸ್ತೆಗೆ ಬಿದ್ದ ಕೆಂಪು ಗುರುತು

ಎರಡು ವರ್ಷದ ಹಿಂದೆ, ನಿವೃತ್ತಿಗೆ ಸ್ವಲ್ಪ ಮೊದಲು, ನಾನು ಹನೂರು ತಾಲ್ಲೂಕಿನಲ್ಲಿ ರೆವಿನ್ಯೂ ಇನ್ಸ್‌ಪೆಕ್ಟರ್ ಆಗಿದ್ದೆ. ಊರು ಯಳಂದೂರು, ಮನೆ ಮಾಡಿದ್ದು ಕೊಳ್ಳೇಗಾಲದಲ್ಲಿ. ಕಂದಾಯ ಇಲಾಖೆಯಲ್ಲಿ ಇಷ್ಟು ಕಾಲ ದುಡಿದವನು ಗಟ್ಟಿಗನಿರಬೇಕು ಎಂದು ಜನ ಅಂದುಕೊಳ್ಳುತ್ತಾರೆ. ನಾನು ಹುಟ್ಟಾ ಪುಕ್ಕಲ. ನಾಲ್ಕು ಜನ ದನಿ ಎತ್ತಿದರೆ ಈಗಲೂ ನನ್ನ ಬಾಯಿ ಒಣಗುತ್ತದೆ.

ಆ ದಿನಗಳಲ್ಲಿ ಕಾಲೇಜು ಓದುತ್ತಿದ್ದ ನನ್ನ ಮಗಳು ಸಹನಾ ಕಂಪ್ಯೂಟರಿನ ಕಾರ್ ರೇಸ್ ಆಟಕ್ಕೆ ಅಂಟಿಕೊಂಡಿದ್ದಳು. ಅದರಲ್ಲಿ ಕಾರು ಓಡುವ ರಸ್ತೆಗೆ ಟ್ರ್ಯಾಕ್ ಎನ್ನುತ್ತಾರೆ. ಕಂಪನಿಯವರು ಆಗಾಗ ಹೊಸ ಟ್ರ್ಯಾಕ್ ಬಿಡುತ್ತಾರೆ. ಬೇಕಾದವರು ಡೌನ್‌ಲೋಡ್ ಮಾಡಿಕೊಳ್ಳಬೇಕು. ಮುಂದೆ ಬರುವುದು ಯಾವ ಊರಿನ ರಸ್ತೆ ಎಂದು ಊಹಿಸುವುದು ಇವರಿಗೆ ಆಟಕ್ಕಿಂತ ದೊಡ್ಡ ಹುಚ್ಚು. ಕಂಪನಿ ಗುಟ್ಟು ಬಿಡದೆ ಒಂದು ಮಸುಕು ಚಿತ್ರವನ್ನಷ್ಟೇ ಹಾಕಿತ್ತು. ಅದರಲ್ಲಿ ಒಂದು ತಿರುವು, ಒಂದು ಹುಣಿಸೆಮರ, ಹಿಂದೆ ಕುರುಚಲು ಕಾಡು. ಊಟಿ ಎಂದರು ಕೆಲವರು, ಕೊಡೈಕೆನಾಲ್ ಎಂದರು ಕೆಲವರು.

"ಅಪ್ಪ, ಇದು ನಮ್ಮ ಮಾದಪ್ಪನ ಬೆಟ್ಟದ ಕಡೆ ಕಾಡೇ. ಯಾರೂ ನಂಬ್ತಿಲ್ಲ ನೋಡು," ಎಂದು ಸಹನಾ ಊಟಕ್ಕೆ ಕೂತಾಗಲೆಲ್ಲ ನನ್ನ ತಲೆ ತಿನ್ನುತ್ತಿದ್ದಳು. ನಾನು ಹೂಂ ಹೂಂ ಎನ್ನುತ್ತಾ ಮುದ್ದೆ ನುಂಗುತ್ತಿದ್ದೆ.

ಒಂದು ಬೆಳಿಗ್ಗೆ ಹೂಗ್ಯಂ ಕಡೆಯ ಕಾಡಂಚಿನ ಊರೊಂದರಿಂದ ನಮ್ಮ ಗ್ರಾಮ ಸಹಾಯಕ ಮಾದೇಶ ಫೋನ್ ಮಾಡಿದ.

"ಸಾ, ಬಿರ್ನೆ ಬನ್ನಿ. ರೋಡ್ ಪಕ್ಕದ ಮನ ಗೋಡೆಗೆಲ್ಲ ಕೆಂಪು ಬಣ್ಣ ಬಳ್ದವ್ರೆ. ಜನ ಎಂಚು ಕೀಳ್ತಾವ್ರೆ. ಬಳ್ದೋರಿಬ್ರನ್ನ ಇಡ್ಕಂಡು ಕೂರ್ಸವ್ರೆ."

ರಸ್ತೆ ಅಗಲ ಮಾಡುವಾಗ ಒಡೆಯಬೇಕಾದ ಗೋಡೆಗೆ ಕೆಂಪು ಗುರುತು ಹಾಕುವುದು ವಾಡಿಕೆ. ಗುರುತು ಬಿದ್ದ ಮನೆಯವರು ಜೆಸಿಬಿಗಾಗಿ ಕಾಯುತ್ತಾ ಕೂರುವುದಿಲ್ಲ. ಅದು ಬಂದರೆ ಎಲ್ಲವೂ ಪುಡಿ. ಹಾಗಾಗಿ ಹೆಂಚು, ಬಾಗಿಲು, ಕಿಟಕಿಗಳನ್ನು ತಾವೇ ಕಿತ್ತು ಉಳಿಸಿಕೊಳ್ಳುತ್ತಾರೆ. ಆದರೆ ಅಂಥ ಯಾವ ಆದೇಶವೂ ನನಗೆ ಬಂದಿರಲಿಲ್ಲ. ನನಗೇ ತಿಳಿಸದೆ ಮೇಲಿನವರು ಏನಾದರೂ ಶುರು ಮಾಡಿದ್ದಾರೆಯೇ? ಬೈಕಿನಲ್ಲಿ ದಾರಿಯುದ್ದಕ್ಕೂ ಇದೇ ಭಯ ನನ್ನನ್ನು ತಿನ್ನುತ್ತಿತ್ತು.

ಊರಿನ ಮೊದಲ ಮನೆ ದೊಡ್ಡತಾಯಮ್ಮನದು. ಅರ್ಧ ಚಾವಣಿ ಆಗಲೇ ಬರಿದಾಗಿತ್ತು. ಮಗ ಸಿದ್ದರಾಜು ತೊಲೆಯ ಮೇಲೆ ಕೂತು ಹೆಂಚು ಇಳಿಸುತ್ತಿದ್ದ. ಕಿತ್ತ ಬಾಗಿಲು, ಚೌಕಟ್ಟಿನ ಸಮೇತ, ಅಂಗಳದಲ್ಲಿತ್ತು. ಒಳಗೆ ಮೂಲೆಯಲ್ಲಿ, ಹೆರಿಗೆಗೆ ತವರಿಗೆ ಬಂದಿದ್ದ ಮಗಳು ಹಸುಗೂಸನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮುದುಡಿದ್ದಳು. ಬೆಟ್ಟದ ಕಡೆಯಿಂದ ಮೋಡ ಕಪ್ಪಗೆ ಇಳಿದು ಬರುತ್ತಿತ್ತು. ಮಳೆ ಹೊಡೆದರೆ ಆ ಮಣ್ಣಿನ ಗೋಡೆ ನಿಲ್ಲುವುದಿಲ್ಲ ಎಂದು ನನಗೆ ನೋಡಿದೊಡನೆ ಗೊತ್ತಾಯಿತು. ಕೂಸು ಅಳುತ್ತಿತ್ತು.

ರಸ್ತೆಯಾಚೆ ಹಿಡಿದು ಕೂರಿಸಿದ್ದ ಇಬ್ಬರು ಯುವಕರು, ಪಕ್ಕದಲ್ಲಿ ಮೂರು ಕಾಲಿನ ಯಂತ್ರ. ಸುತ್ತ ನಿಂತವರಲ್ಲಿ ಕೆಲವರ ಕೈಯಲ್ಲಿ ಮಚ್ಚಿತ್ತು. ಯಾವ ಇಲಾಖೆ ಎಂದು ಕೇಳಿದೆ. ಒಬ್ಬ, "ಇಲಾಖೆ ಅಲ್ಲ ಸಾರ್. ಹೇಳೋ ಹಾಗಿಲ್ಲ, ಹೇಳಿದ್ರೆ ಕೆಲಸ ಹೋಗುತ್ತೆ," ಎಂದ. ಅವನ ಬೆನ್ನ ಹಿಂದೆ ರಸ್ತೆ ತಿರುಗಿತ್ತು. ತಿರುವಿನಲ್ಲಿ ಹುಣಿಸೆಮರ.

"ಕಾರ್ ರೇಸ್ ಟ್ರ್ಯಾಕಾ?" ಎಂದೆ.

ಮಚ್ಚಿಗೆ ಹೆದರಿದ್ದಕ್ಕಿಂತ ಹೆಚ್ಚಾಗಿ ಅವರು ಈ ಮಾತಿಗೆ ಹೆದರಿದರು. "ಎಲ್ಲಿ ಲೀಕ್ ಆಯ್ತು ಸಾರ್?"

ಆ ಯಂತ್ರ ಸ್ಕ್ಯಾನರ್. ಅದು ರಸ್ತೆಯ ಅಕ್ಕಪಕ್ಕವನ್ನೆಲ್ಲ ತುಂಡು ತುಂಡಾಗಿ ಅಳೆಯುತ್ತದೆ. ಆ ತುಂಡುಗಳನ್ನು ಜೋಡಿಸಲು ಅಲುಗಾಡದ ಗುರುತುಗಳು ಬೇಕು. ಅಂಟಿಸಿದ ಕಾಗದ ಮಣ್ಣಿನ ಗೋಡೆಯಲ್ಲಿ ನಿಲ್ಲದೆ ಬಿದ್ದುಹೋದ್ದರಿಂದ ಇವರು ಬಣ್ಣ ಬಳಿದಿದ್ದರು. ಈ ಊರಿನಲ್ಲಿ ಕೆಂಪು ಬಣ್ಣಕ್ಕೆ ಏನರ್ಥ ಎಂದು ಅವರಿಗೆ ಗೊತ್ತಿರಲಿಲ್ಲ.

ನಾನು ಇದನ್ನೆಲ್ಲ ಜನರಿಗೆ ಬಿಡಿಸಿ ಹೇಳಿದೆ. ಒಬ್ಬರೂ ನಂಬಲಿಲ್ಲ.

"ಆಟ ಆಡಕ ನಮ್ ಮನ ಗೋಡೆ ಯಾಕ್ ಸಾ ಬೇಕು?" ಎಂದರು ದೊಡ್ಡತಾಯಮ್ಮ. "ಸುಳ್ ಯೋಳದಾದ್ರೆ ನಂಬೋ ಅಂಗಾದ್ರೂ ಯೋಳಿ."

ಸಿದ್ದರಾಜು ತೊಲೆಯಿಂದಲೇ ಕೂಗಿದ: "ಈ ಮನ ಒಡಿಯಲ್ಲ ಅಂತ ಮಾದಪ್ಪನ ಆಣೆ ಮಾಡಿ ಸಾ. ಆಗ ನಂಬ್ತೀವಿ."

ನಮ್ಮ ಸೀಮೆಯಲ್ಲಿ ಮಾದಪ್ಪನ ಆಣೆ ಎಂದರೆ ಹುಡುಗಾಟವಲ್ಲ. ಹೂಂ ಎಂದುಬಿಟ್ಟರೆ ಎಲ್ಲ ತಣ್ಣಗಾಗುತ್ತಿತ್ತು, ಕೂಸಿನ ತಲೆ ಮೇಲೆ ಮತ್ತೆ ಸೂರು ಬರುತ್ತಿತ್ತು. ಆದರೆ ನಾಳೆ ನಿಜವಾದ ಆದೇಶವೇ ಬಂದರೆ? ಜನಕ್ಕೆ ಹೆದರಲೋ ಮಾದಪ್ಪನಿಗೆ ಹೆದರಲೋ ತಿಳಿಯಲಿಲ್ಲ. ಮಳೆಹನಿ ಬೀಳತೊಡಗಿತು.

"ಈ ಗುರುತು ಸರ್ಕಾರದ್ದಲ್ಲ. ಮಾದಪ್ಪನ ಆಣೆ," ಎಂದೆ. "ಮುಂದೆ ಯಾವತ್ತೂ ಒಡೆಯಲ್ಲ ಅಂತ ಆಣೆ ಮಾಡೋಕೆ ನನ್ನ ಕೈಲಾಗಲ್ಲ."

ಏಟು ಬಿತ್ತು ಎಂದೇ ನಾನು ಕಣ್ಣು ಮುಚ್ಚಿದೆ.

"ಪೂರಾ ಆಣೆ ಮಾಡಿದ್ರೆ ನಾನು ನಂಬ್ತಿರ್ನಿಲ್ಲ," ಎಂದರು ದೊಡ್ಡತಾಯಮ್ಮ. "ಲೇ ಸಿದ್ರಾಜು, ಎಂಚು ಒದಿಸ್ಲಾ."

ಊರಿಗೆ ಊರೇ ಕೈ ಹಾಕಿತು. ಆ ಯುವಕರೂ ಸಾಲಿನಲ್ಲಿ ನಿಂತು ಹೆಂಚು ದಾಟಿಸಿದರು. ಹೊದಿಸಿ ಮುಗಿಯುವ ಮೊದಲೇ ಮಳೆ ಸುರಿಯಿತು. ಉಳಿದ ಜಾಗಕ್ಕೆ ಟಾರ್ಪಾಲು ಎಳೆದೆವು. ಗೋಡೆ ನಿಂತಿತು. ತಾಯಿ ಮಗು ಬೆಚ್ಚಗಿದ್ದರು. ಮಳೆ ನಿಂತ ಮೇಲೆ ಬಣ್ಣವನ್ನು ಕುಡುಗೋಲಿನಿಂದ ಕೆರೆಸಿದೆ.

ಕೆಲವು ತಿಂಗಳ ಮೇಲೆ ಟ್ರ್ಯಾಕ್ ಬಂತು. ತನ್ನ ಊಹೆಯೇ ನಿಜವಾಯಿತೆಂದು ಸಹನಾ ಕುಣಿದಾಡಿ ನನಗೆ ತೋರಿಸಿದಳು. ಹುಣಿಸೆಮರವಿತ್ತು, ತಿರುವಿತ್ತು. ದೊಡ್ಡತಾಯಮ್ಮನ ಮನೆಯ ಜಾಗದಲ್ಲಿ ಬರೀ ಹುಲ್ಲು. "ಆಟಕ್ಕೆ ಅಡ್ಡ ಬರುತ್ತೆ ಅಂತ ಮನೆ ತೆಗ್ದಿರ್ತಾರೆ ಅಪ್ಪ," ಎಂದಳು. ಆಟವೆಂದು ಗೊತ್ತಿದ್ದೂ ಮರುದಿನವೇ ಬೈಕ್ ಹತ್ತಿದೆ.

ಮನೆ ನಿಂತಿತ್ತು. ಆದರೆ ಚೌಕಟ್ಟನ್ನು ಮತ್ತೆ ಕೂರಿಸಿರಲಿಲ್ಲ. ಬಾಗಿಲ ಜಾಗದಲ್ಲಿ ಹಳೇ ಸೀರೆಯೊಂದು ತೂಗುತ್ತಿತ್ತು.

"ಯಾಕವ್ವ, ಬಾಗಿಲು ಹಾಕಿಸಲಿಲ್ಲವಾ?" ಎಂದೆ.

"ಇರ್ಲಿ ಬುಡಿ ಸಾ. ಮತ್ತ ಬಂದು ಬಳುದ್ರೆ ಕೀಳೋ ಕೆಲ್ಸ ಇರಲ್ಲ. ರಾತ್ರಗ ಕಿತ್ತ ಬಾಗ್ಲನ್ನೇ ಆನ್ಸಿ ಕಲ್ಲು ಅಡ್ಡ ಮಡಗ್ತೀನಿ."

ಅಳತೆಗೆ ಹೋಗುವ ಹೊಸಬರಿಗೆ ನಾನು ಹೇಳುವುದಿಷ್ಟೇ: ಗೋಡೆಗೆ ಗುರುತು ಹಾಕುವ ಮೊದಲು ಬಾಗಿಲು ತಟ್ಟಿ, ಒಳಗಿರುವವರಿಗೆ ಅದು ಏನೆಂದು ಹೇಳಿ. ಆಮೇಲೆ ಹೇಳಿದ್ದು ಅವರ ಮನಸ್ಸಿಗೆ ಇಳಿಯುವುದಿಲ್ಲ. ಚಿರತೆ ಓಡಾಡುವ ಆ ಊರಿನಲ್ಲಿ ಬಾಗಿಲು ಕೂರಿಸದೆ ಮಲಗುತ್ತಿದ್ದ ದೊಡ್ಡತಾಯಮ್ಮ ಚಿರತೆಗಿಂತ ಕೆಂಪು ಬಣ್ಣಕ್ಕೇ ಹೆಚ್ಚು ಹೆದರಿದ್ದರು.