ಮಾಸ್ತರರ ಬಲಗೈ

ಸುಲ್ತಾನ್ ಬಜಾರಿನ ರವಿಕೆ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿದ್ದ ರಾಯಚೂರು ಕಡೆಯ ಆ ಮಾಸ್ತರರು ನನ್ನ ಕಂಪ್ಯೂಟರಿಗೆ ಹೆದರುತ್ತಿದ್ದರು. ನಾನು ಬಂದು ಕೂತೊಡನೆ ಬಲಗೈಯನ್ನು ಬಟ್ಟೆಯ ರಾಶಿಯೊಳಗೆ ತೂರಿಸಿಕೊಂಡು, "ಇದು ಎಲ್ಲಾ ನೋಡತೈತೇನ್ರಿ?" ಎಂದು ಕೇಳುವರು.

"ಇದಕ್ಕ ಕಣ್ಣೆಲ್ಲಿ ಬಂದ್ವು ಮಾಸ್ತರ?" ಎಂದು ನಾನು ನಗುತ್ತಿದ್ದೆ.

ಮಾದಾಪುರದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ನಾನು ಬಿಡುವಿನಲ್ಲಿ ಈ ಅಂಗಡಿಗೊಂದು ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದೆ. ಎಷ್ಟು ರವಿಕೆ ಹೊಲಿದರು, ಎಷ್ಟು ತಡವಾದವು, ಎಷ್ಟು ಸರಿಯಿಲ್ಲವೆಂದು ವಾಪಸ್ ಬಂದವು, ಎಲ್ಲವೂ ಒಂದೇ ಪರದೆಯ ಮೇಲೆ ಕಾಣುತ್ತಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಅದರ ವರದಿ ಕೊಂಡಾಪುರದಲ್ಲಿದ್ದ ಅಂಗಡಿ ಮಾಲೀಕರಿಗೆ ತಾನಾಗಿಯೇ ಮೇಲ್ ಆಗುತ್ತಿತ್ತು.

ಒಂದು ಭಾನುವಾರ ನೋಡುತ್ತೇನೆ, ವಾಪಸ್ ಬಂದವುಗಳ ಕೆಂಪು ಗೆರೆ ಮೇಲೆ ಹೋಗಿದೆ. ಕಾರಣದ ಜಾಗದಲ್ಲೆಲ್ಲ "ಕತ್ತರಿಸಿದ್ದು ವಾರೆ" ಎಂದಿದೆ.

"ಇದ್ಯಾಕ್ರಿ ಮಾಸ್ತರ, ಮೂರು ವಾರದಿಂದ ಏರಾಕತ್ತೈತಿ?"

ಅವರು ರಾಶಿಯೊಳಗಿಂದ ಬಲಗೈ ತೆಗೆದು ನನ್ನ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು. ಎಡಗೈಯಿಂದ ಒತ್ತಿ ಹಿಡಿದರೂ ನಡುಕ ನಿಲ್ಲಲಿಲ್ಲ.

"ಮಾಲಕರಿಗೆ ಗೊತ್ತಾದ್ರ ನಾಳಿನೇ ಬ್ಯಾರೆಯವ್ರನ್ನ ತರ್ತಾರ್ರಿ. ಆ ಗೆರಿ ಒಂದು ಅಳಿಸಿಬಿಡ್ರಿ. ಕೈ ಮುಗೀತೀನಿ."

ನಿಜವಾಗಿಯೂ ಮುಗಿದರು. ಆ ನಡುಕ ಈಗ ಎರಡೂ ಕೈಗೆ ಹತ್ತಿಕೊಂಡಿತ್ತು.

ನಾನು ಗೆರೆಯನ್ನು ಅಳಿಸಿದೆ. ವರದಿ ಬೆಳಿಗ್ಗೆಯೇ ಮಾಲೀಕರಿಗೆ ಹೋಗಿಬಿಟ್ಟಿದೆ ಎಂದು ಹೇಳಲು ಬಾಯಿ ಬರಲಿಲ್ಲ.

ಅಷ್ಟರಲ್ಲಿ ಅಂಗಡಿಯ ಫೋನು ಬಡಿದುಕೊಂಡಿತು. ಮಾಸ್ತರರು ಬಲಗೈಯನ್ನು ಮತ್ತೆ ಬಟ್ಟೆಯೊಳಗೆ ತೂರಿಸಿ, ಎಡಗೈಯಿಂದ ಫೋನು ಎತ್ತಿಕೊಂಡರು.