ಅತ್ತಿಗುಂಡಿಗೆ ನಾಲ್ಕು ದಿನದ ದಾರಿ

ಕಳಸದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದವರು ಸಂಜೆಯೊಳಗೆ ಅತ್ತಿಗುಂಡಿ ತಲುಪುತ್ತಾರೆ. ನನ್ನ ಓರಗಿತ್ತಿ ಸುಬ್ಬಲಕ್ಷ್ಮಿ ಅಕ್ಕನಿಗೆ ನಾಲ್ಕು ದಿನ ಬೇಕಾಯಿತು. ಇದನ್ನು ಹೇಳಿಕೊಂಡು ನಗುವವರನ್ನು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. ಮೊದಲು ನಕ್ಕವಳು ನಾನೇ ಎನ್ನುವುದು ಬೇರೆ ಮಾತು.

ಅಕ್ಕನಿಗೆ ಬಸ್ಸು ಆಗುತ್ತಿರಲಿಲ್ಲ. ನಾಲ್ಕು ತಿರುವು ಕಳೆಯುವಷ್ಟರಲ್ಲಿ ಮುಖ ಬಿಳುಚಿ ವಾಂತಿ ಶುರುವಾಗುತ್ತಿತ್ತು. ಮದುವೆಯ ದಿನ ತವರೂರು ಸಂಸೆಯಿಂದ ಕಳಸಕ್ಕೆ ಬರುವ ಅಷ್ಟು ಸಣ್ಣ ದಾರಿಯಲ್ಲೇ ದಿಬ್ಬಣದ ಬಸ್ಸನ್ನು ಮೂರು ಸಲ ನಿಲ್ಲಿಸಿದ್ದರಂತೆ. ಆಮೇಲೆ ಅವರು ಕಾಲ್ನಡಿಗೆಗೆ ಸಿಕ್ಕದ ಯಾವ ಊರಿಗೂ ಹೋಗಲಿಲ್ಲ.

ಅವರ ಬಾಲ್ಯದ ಗೆಳತಿ ಮರಿಯಮ್ಮ. ಸಂಸೆಯ ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಮಗಳು. ಇಬ್ಬರೂ ಒಂದೇ ಕೊಡೆಯಡಿ ಶಾಲೆಗೆ ನಡೆದವರು. ಹದಿನೇಳರ ವಯಸ್ಸಿನಲ್ಲಿ, ಅಪ್ಪನಿಗೆ ಅತ್ತಿಗುಂಡಿಯ ಕಡೆ ಕೆಲಸವಾಗಿ, ಮರಿಯಮ್ಮ ಎಸ್ಟೇಟ್ ಲಾರಿಯಲ್ಲಿ ಸಾಮಾನಿನ ಮೇಲೆ ಕೂತು ಕೈಬೀಸುತ್ತ ಹೋದರು. ಮುಂದೆ ಅಲ್ಲಿನ ತೋಟದ ಶಾಲೆಯಲ್ಲಿ ಟೀಚರಾದರು. ಅಲ್ಲಿಂದ ಮೂವತ್ತೊಂದು ವರ್ಷ ಬರೀ ಕಾಗದ. ಅಕ್ಕ "ಮಳೆ ನಿಲ್ಲಲಿ, ಮನೆಕೆಲಸ ಮುಗಿಯಲಿ, ಬರುತ್ತೇನೆ" ಎಂದು ಬರೆಯುತ್ತಿದ್ದರು. ಆ ಕಡೆಯಿಂದ "ರಜೆ ಸಿಗಲಿ, ನಾನೇ ಬರುತ್ತೇನೆ" ಎಂದು ಬರುತ್ತಿತ್ತು. ವಾಂತಿಯ ವಿಷಯವನ್ನು ಅಕ್ಕ ಒಮ್ಮೆಯೂ ಬರೆಯಲಿಲ್ಲ. ಅವರಿಗೆ ನಾಚಿಕೆ.

1998ರ ಮಾರ್ಚ್ ಕೊನೆಯ ಸೋಮವಾರ ಒಂದು ಕಾಗದ ಬಂತು. ತೋಟದ ಶಾಲೆ ಮುಚ್ಚಿದೆ, ಶನಿವಾರ ಬೆಳಿಗ್ಗೆ ತಮ್ಮ ಬಂದು ಕಾರಿನಲ್ಲಿ ಮಂಗಳೂರಿಗೆ ಕರೆದೊಯ್ಯುತ್ತಾನೆ, ಇನ್ನು ಅಲ್ಲೇ ಇರುವುದು. "ನಿನ್ನ ಮುಖ ನೋಡದೆಯೇ ಹೋಗುವ ಹಾಗಾಯಿತು" ಎಂದು ಕೊನೆಯ ಸಾಲು.

ಅಕ್ಕ ಕಾಗದ ಹಿಡಿದುಕೊಂಡು ಜಗಲಿಯಲ್ಲಿ ಬಹಳ ಹೊತ್ತು ಕೂತರು. ಅವರ ಗಂಡ ದಾಮೋದರ ಭಾವ, "ಟ್ಯಾಕ್ಸಿ ಮಾಡಿದ್ರೂ ಇವಳ ಹೊಟ್ಟೆ ಕೇಳ್ಬೇಕಲ್ಲ ಮಾರಾಯ್ತಿ" ಎಂದು ನನ್ನ ಹತ್ತಿರ ಗೊಣಗಿದರು.

"ಪಂಚಮಿ," ಎಂದು ಅಕ್ಕ ನನ್ನನ್ನು ಕರೆದರು, "ಮೊದಲಿನ ಮೂರು ತಿರುವಲ್ಲಿ ನಂಗೆ ಏನೂ ಆಗೋದಿಲ್ಲ ಅಲ್ವಾ? ಅಷ್ಟು ಹೋಗಿ ಇಳಿಯೋದು. ತಲೆ ಸರಿಯಾದ ಮೇಲೆ ಮುಂದಿನ ಬಸ್ಸು ಹತ್ತೋದು. ಕಂತಲ್ಲಿ ಹೋದ್ರಾಯ್ತು."

ನಾನು ನಕ್ಕಿದ್ದು ಆಗಲೇ. ಆದರೂ ಮಂಗಳವಾರ ಅವರ ಜೊತೆ ಹೊರಟೆ. ಅಕ್ಕನ ಲೆಕ್ಕಾಚಾರ ನೋಡಿ ನನ್ನ ನಗು ಬೇಗ ನಿಂತಿತು. ಬೆಳಗಿನ ಮೊದಲ ಬಸ್ಸೇ ಆಗಬೇಕು, ಆಗ ಜನ ಕಮ್ಮಿ, ಬಿಸಿಲಿಲ್ಲ. ಡ್ರೈವರ್ ಹಿಂದಿನ ಎರಡನೇ ಸೀಟು. ಖಾಲಿ ಹೊಟ್ಟೆಯೂ ಬೇಡ, ತುಂಬು ಹೊಟ್ಟೆಯೂ ಬೇಡ, ಒಂದು ಹಿಡಿ ಅವಲಕ್ಕಿ. ಕೈಯಲ್ಲಿ ನಿಂಬೆ ಎಲೆ. ಹೆಗಲಿಗೆ ಒಂದೇ ಚೀಲ. ಬಸ್ಸಿನ ಹೊತ್ತನ್ನು ಚಾ ಅಂಗಡಿಯವನ ಹತ್ತಿರ ಕೇಳಬೇಕು, ಬೋರ್ಡು ನಂಬಬಾರದು. ಲಾಡ್ಜಿನ ಮಾತೇ ಇಲ್ಲ. ದಾರಿಯಲ್ಲಿ ಪರಿಚಯದ ಮನೆಗಳಿದ್ದವು, ಒಂದೊಂದು ಮನೆಗೆ ಒಂದೊಂದು ಬಾಟಲಿ ಮಾವಿನಮಿಡಿ ಉಪ್ಪಿನಕಾಯಿ. ಬಸ್ಸನ್ನೇ ಹತ್ತದವರು ಇಷ್ಟನ್ನೆಲ್ಲ ಎಲ್ಲಿ ಯೋಚಿಸಿಟ್ಟಿದ್ದರೋ!

ಆಗಷ್ಟೇ ಹೂಮಳೆ ಬಿದ್ದು ಕಾಫಿ ಅರಳಿತ್ತು. ಬಾಯಲ್ಲಿ ನೀರೂರಿತೆಂದರೆ ಅಕ್ಕ ಕಂಡಕ್ಟರನಿಗೆ ಕೈ ಮಾಡುತ್ತಿದ್ದರು. ನಾವು ಯಾವುದೋ ತೋಟದ ಗೇಟಿನ ಎದುರು ಇಳಿದು ಮೈಲಿಗಲ್ಲಿನ ಪಕ್ಕ ಕೂರುತ್ತಿದ್ದೆವು. ಬಸ್ಸಿನ ಸದ್ದು ತಿರುವು ದಾಟಿ ಕರಗಿದ ಮೇಲೆ ಜೇನುಹುಳಗಳ ಗುಂಯ್ ಮಾತ್ರ ಉಳಿಯುತ್ತಿತ್ತು. ಗುಡ್ಡ ಪೂರ್ತಿ ಬಿಳಿ, ಕಣ್ಣು ಮುಚ್ಚಿದರೂ ಬಿಳಿ. ಆ ವಾಸನೆಯಲ್ಲಿ ಗಂಟೆ ಎಷ್ಟಾಯಿತೆಂದು ತಿಳಿಯುತ್ತಿರಲಿಲ್ಲ. ನೂರು ಸಲ ಓಡಾಡಿದ ದಾರಿಯನ್ನು ನಾನು ಅವತ್ತೇ ಮೊದಲು ಕಂಡೆ. ಅಕ್ಕ ಮರಿಯಮ್ಮನ ಬಗ್ಗೆ ಹೇಳುತ್ತ ಹೇಳುತ್ತ ಹಾಗೇ ಮಂಪರಿಗೆ ಜಾರುತ್ತಿದ್ದರು. ಎಚ್ಚರವಾದಾಗ "ಎಲ್ಲಿಗೆ ಬಂದ್ವೇ?" ಎಂದು ಕೇಳುತ್ತಿದ್ದರು. ನಾವು ಎಲ್ಲಿಗೂ ಬಂದಿರುತ್ತಿರಲಿಲ್ಲ.

ಮಾಗುಂಡಿಯಲ್ಲಿ ಒಂದು ರಾತ್ರಿ, ಬಾಳೆಹೊನ್ನೂರಿನಲ್ಲಿ ಒಂದು. ಗುರುವಾರ ಆಲ್ದೂರಿನಲ್ಲಿ ಜವಳಿ ಅಂಗಡಿಯ ಪ್ರೇಮಕುಮಾರಿಯವರ ಮನೆ. ಶುಕ್ರವಾರ ಮಧ್ಯಾಹ್ನ ಚಿಕ್ಕಮಗಳೂರಿಗೆ ಬಂದರೆ ಅತ್ತಿಗುಂಡಿ ಬೆಟ್ಟದ ಬಸ್ಸು ಬಹುತೇಕ ತುಂಬಿತ್ತು. ಅದೇ ಆ ದಿನದ ಕೊನೆಯ ಬಸ್ಸು, ಇಳಿದರೆ ಇನ್ನೊಂದಿಲ್ಲ. ಸೀಟು ಉಳಿದಿದ್ದು ಹಿಂದಿನ ಸಾಲಿನಲ್ಲಿ ಮಾತ್ರ. ಅಕ್ಕ ನೇರ ಡ್ರೈವರ್ ಹತ್ತಿರ ಹೋದರು.

"ನಂಗೆ ವಾಂತಿ ಬರ್ತದೆ. ಇವತ್ತು ಇಳಿಯೋ ಹಾಗಿಲ್ಲ. ನಿಮ್ಮ ಪಕ್ಕದಲ್ಲಿ ಬಾನೆಟ್ ಮೇಲೆ ಕೂತ್ಕೊಳ್ಳಾ?"

ಮೂವತ್ತೊಂದು ವರ್ಷ ಕಾಗದಗಳಲ್ಲಿ ಬಚ್ಚಿಟ್ಟ ಮಾತನ್ನು ಇಡೀ ಬಸ್ಸಿಗೆ ಕೇಳುವ ಹಾಗೆ ಹೇಳಿದರು. ಡ್ರೈವರ್ ನಗಲಿಲ್ಲ. ತನ್ನ ಟವೆಲ್ ಮಡಿಸಿ ಬಾನೆಟ್ ಮೇಲೆ ಹಾಸಿದ. ಎದುರಿನ ದೊಡ್ಡ ಗಾಜಿನಲ್ಲಿ ಒಂದೊಂದು ತಿರುವೂ ಬರುವ ಮೊದಲೇ ಕಾಣುತ್ತಿತ್ತು. ಮಂಜಿನೊಳಗೆ ಏರುವ ದಾರಿಯನ್ನು ಅಕ್ಕ ಕಣ್ಣು ಮಿಟುಕಿಸದೆ ನೋಡಿದರು. ಹೊಟ್ಟೆ ಒಮ್ಮೆಯೂ ತೊಳಸಲಿಲ್ಲ.

ಮರಿಯಮ್ಮ ಬಾಗಿಲಲ್ಲಿ ಪೆಟ್ಟಿಗೆಗೆ ಹಗ್ಗ ಬಿಗಿಯುತ್ತಿದ್ದರು. ಅಕ್ಕ ಅವರ ಎರಡೂ ಕೈ ಹಿಡಿದು, "ಸುಳ್ಳು ಬರ್ದಿದ್ದೆ ಕಣೇ. ಮಳೆ ಅಲ್ಲ, ಮನೆಕೆಲಸ ಅಲ್ಲ. ನಂಗೆ ಬಸ್ಸು ಆಗೋದಿಲ್ಲ" ಎಂದರು.

ಮರಿಯಮ್ಮ ಪೆಟ್ಟಿಗೆಯ ಮೇಲೆ ಕುಸಿದು ಕೂತರು. ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ.

"ನಂಗೂ ಆಗೋದಿಲ್ಲ ಸುಬ್ಬೀ. ಪೇಟೆಗೆ ಇಳಿದಿದ್ದೇ ನಾಲ್ಕೈದು ಸಲ. ನಾಳೆ ಕಾರಲ್ಲಿ ಚಾರ್ಮಾಡಿ ಘಾಟಿ ಇಳಿಯೋದು ನೆನೆಸ್ಕೊಂಡು ನಿನ್ನೆಯಿಂದ ಊಟ ಸೇರ್ತಿಲ್ಲ."

ನನಗೆ ಇಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಒಂದು ಸಾಲು, ಒಂದೇ ಒಂದು ಸಾಲು ನಿಜ ಬರೆದಿದ್ದರೆ ಆಲ್ದೂರಿನಲ್ಲೋ ಬಾಳೆಹೊನ್ನೂರಿನಲ್ಲೋ ಇವರು ವರ್ಷಕ್ಕೊಮ್ಮೆ ಸೇರಬಹುದಿತ್ತು. ಸಿಟ್ಟಿನಲ್ಲೇ ಅತ್ತುಬಿಟ್ಟೆ.

ಬೆಳಿಗ್ಗೆ ಕಾರು ಬಂತು. ಪೆಟ್ಟಿಗೆ, ಹಾಸಿಗೆ, ಪಾತ್ರೆ ಎಲ್ಲ ಡಿಕ್ಕಿಗೆ ತುಂಬಿದ ಮೇಲೆ ಮರಿಯಮ್ಮನ ತಮ್ಮ ಕಾರಿನ ಮುಂದಿನ ಬಾಗಿಲು ತೆರೆದು ಕಾದ. ಮರಿಯಮ್ಮ ಹತ್ತಲಿಲ್ಲ. ಒಂದು ಸಣ್ಣ ಚೀಲವನ್ನು ಹೆಗಲಿಗೆ ಹಾಕಿಕೊಂಡು ಅಕ್ಕನ ಪಕ್ಕ ನಿಂತರು.

"ಸಾಮಾನು ನೀನು ತಗೊಂಡು ಹೋಗು," ಎಂದರು. "ನಾವು ಬಸ್ಸಲ್ಲಿ, ಕಂತಲ್ಲಿ ಬರ್ತೇವೆ."